ನಿಂತರೆ ಬಿಗಿಯುವ ಮಾಲು

ಅಳೆಯುವ ಯಂತ್ರಕ್ಕಿಟ್ಟ ಮಾದರಿಯ ಅಂಚನ್ನು ಸರಿಯಾಗಿ ಕತ್ತರಿಸದೆ ಆದದ್ದೂ ಇರಬಹುದಲ್ಲ? ತಟ್ಟೆಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪರದೆಯ ಮೇಲಿನ ಗೆರೆ ಹಾಗೆ ಮೇಲೇಳುವುದುಂಟು. ಇಲ್ಲವೇ ಒಳಗೆ ಗಾಳಿಗುಳ್ಳೆ ಸೇರಿರಬಹುದು. ಕಾರಣ ಹುಡುಕಲು ಹೊರಟರೆ ಬೇಕಾದಷ್ಟು ಸಿಗುತ್ತವೆ. ಹಾಗಿದ್ದ ಮೇಲೆ ಅದನ್ನು ಅಳಿಸಿದ್ದರಲ್ಲಿ ತಪ್ಪೇನು ಬಂತು? ತಪ್ಪೇ ಇಲ್ಲದಿದ್ದರೆ, ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಕಾಲು ಯಾಕೆ ಹೀಗೆ ಹಿಂದಕ್ಕೆ ಎಳೆಯುತ್ತಿದೆ?

ಅವನು ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಮೆಟ್ಟಿಲಿನ ತಿರುವಿನಲ್ಲಿ ನಿಂತ. ಮೇಲಿನ ಮನೆಯಿಂದ ಭಾವನ ನಗು ಕೇಳುತ್ತಿತ್ತು. ಮೊಣಕೈವರೆಗೆ ಸುಟ್ಟುಕೊಂಡು, ನಿನ್ನೆ ತಾನೇ ಆಸ್ಪತ್ರೆಯಿಂದ ಬಿಡುಗಡೆಯಾದ ಮನುಷ್ಯ ಹೀಗೆ ನಗಬಾರದಿತ್ತು. ನರಳುತ್ತಿದ್ದರೆ ಒಳಗೆ ಹೋಗುವುದು ಸುಲಭವಾಗುತ್ತಿತ್ತು ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಬಾಗಿಲು ತೆರೆದ ಅಕ್ಕ ಚೀಲ ಈಸಿಕೊಂಡು, ಬಂದವರೆಲ್ಲ ಹಣ್ಣನ್ನೇ ತರುತ್ತಿದ್ದಾರೆ, ಇನ್ನು ಸ್ವಲ್ಪ ದಿನಕ್ಕೆ ಅಂಗಡಿ ಇಡಬಹುದು ಎಂದಳು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಒಳಗೆ ಕಾರ್ಖಾನೆಯವರು ಇಬ್ಬರು ಕುಳಿತಿದ್ದರು. ಭಾವ ಪಟ್ಟಿ ಸುತ್ತಿದ ಬಲಗೈಯನ್ನು ದಿಂಬಿನ ಮೇಲೆ ಕೂಸಿನಂತೆ ಮಲಗಿಸಿಕೊಂಡು, ಎಡಗೈಯಿಂದಲೇ ಗಾಳಿಯಲ್ಲಿ ಯಂತ್ರದ ಚಿತ್ರ ಬರೆಯುತ್ತ ಆ ದಿನದ ಕಥೆ ಹೇಳುತ್ತಿದ್ದರು.

"ಬಾರಪ್ಪ ಮೌನಿ," ಎಂದರು ಅವನನ್ನು ಕಂಡದ್ದೇ. "ನಮ್ಮ ವಿಜ್ಞಾನಿ ಬಂದ. ಇನ್ನು ಇವನ ಮುಂದೆ ನಾನು ಬುರುಡೆ ಬಿಡೋ ಹಾಗಿಲ್ಲ."

ಮೌನಿ ಎಂಬ ಹೆಸರು ಇಟ್ಟವರು ಭಾವನೇ. ಅಕ್ಕನ ಮದುವೆಯಾದ ಹೊಸದರಲ್ಲಿ, ಯಾರು ಏನು ಕೇಳಿದರೂ ತಲೆಯಾಡಿಸಿ ಮೂಲೆ ಸೇರುತ್ತಿದ್ದ ಭಾವಮೈದುನನನ್ನು ಅವರು ಒಂದು ದಿನ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದರು. ಒಂದು ತುದಿಯಲ್ಲಿ ಅಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳನ್ನು ಸುರಿದರೆ, ಬಿಸಿ ಕೊಳಾಯಿಯೊಳಗೆ ಉದ್ದನೆಯ ತಿರುಪು ತಿರುಗುತ್ತ ಅವನ್ನು ಕರಗಿಸಿ ತಳ್ಳುತ್ತಿತ್ತು; ಇನ್ನೊಂದು ತುದಿಯ ಅಚ್ಚಿನ ಬಾಯಿಯಿಂದ ಕೊಳವೆ ಹೊರಬರುತ್ತಲೇ ಇತ್ತು, ಮುಗಿಯದ ಒಂದು ವಾಕ್ಯದ ಹಾಗೆ. ಅವನು ಅಲ್ಲಿಂದ ಕದಲಲೇ ಇಲ್ಲ. ಪಾಲಿಮರ್ ಓದಬೇಕೆಂದು ಅವನಿಗೆ ಹೊಳೆದದ್ದು ಅಂದು. ಓದು ಮುಗಿಸಿ, ಅದೇ ಕಾರ್ಖಾನೆಯ ಎದುರು ರಸ್ತೆಯಲ್ಲಿರುವ ಅದರದ್ದೇ ಪ್ರಯೋಗಾಲಯಕ್ಕೆ ಸೇರಿದಾಗ, ಭಾವ ಪಾಳಿಯವರಿಗೆಲ್ಲ ಸಿಹಿ ಹಂಚಿದ್ದರು. ಮಾತಾಡದಿದ್ದರೆ ಏನಂತೆ, ಇವನ ಯಂತ್ರ ಮಾತಾಡುತ್ತದೆ ಎಂದು ಎಲ್ಲರೆದುರು ಹೇಳುತ್ತಿದ್ದರು.

ಆ ಯಂತ್ರದ ಹೆಸರು ರಿಯೋಮೀಟರ್. ನೋಡಲು ಏನೂ ಇಲ್ಲ. ನಾಣ್ಯದಗಲದ ಎರಡು ಉಕ್ಕಿನ ತಟ್ಟೆ, ಅವುಗಳ ನಡುವೆ ಕರಗಿದ ಪಾಲಿಮರಿನ ಒಂದು ಬಿಲ್ಲೆ. ಮೇಲಿನ ತಟ್ಟೆ ತಿರುಗುತ್ತದೆ, ದ್ರವ ಅದನ್ನು ಎಷ್ಟು ತಡೆಯಿತು ಎಂದು ಪರದೆಯ ಮೇಲೆ ಗೆರೆ ಮೂಡುತ್ತದೆ. ಒಂದು ಸಲ ನೋಡಲು ಬಂದ ಭಾವ, ಇಷ್ಟಕ್ಕಾ ಇಷ್ಟು ವರ್ಷ ಓದಿದ್ದು, ನಿಮ್ಮಕ್ಕ ಹಿಟ್ಟು ನಾದುವಾಗ ಇದನ್ನೇ ಮಾಡುತ್ತಾಳೆ ಎಂದು ನಕ್ಕಿದ್ದರು. ಆಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

ಈ ಸಲ ಕಾರ್ಖಾನೆಗೆ ಬೇಕಾಗಿದ್ದದ್ದು ಇಂಧನದ ಆವಿ ಸೋರದಂಥ ಕೊಳವೆ. ಅದಕ್ಕಾಗಿ ಅವನು ಪಾಲಿಮರಿಗೆ ಜೇಡಿಮಣ್ಣಿನಿಂದ ಬಿಡಿಸಿದ ನ್ಯಾನೊ ಪದರಗಳನ್ನು ಬೆರೆಸಿದ್ದ. ಒಂದು ಕೂದಲಿನ ದಪ್ಪದಲ್ಲಿ ಅಂಥ ಸಾವಿರಾರು ಪದರಗಳು ಒಂದರ ಮೇಲೊಂದು ಕೂರಬಹುದು. ಅಷ್ಟು ಸಣ್ಣವಾದ್ದರಿಂದ ಒಂದು ಚಿಟಿಕೆ ಹಾಕಿದರೂ ಅವುಗಳ ಜನಸಂಖ್ಯೆ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೊಂದಕ್ಕೂ ಪಕ್ಕದ್ದು ಕೈಗೆಟುಕುವಷ್ಟು ಹತ್ತಿರ. ಜೋರಾಗಿ ತಳ್ಳುತ್ತಿರುವಾಗ ಅವು ಹರಿವಿನ ದಿಕ್ಕಿಗೆ ಮೈ ಚಾಚಿ ತೆಪ್ಪಗೆ ಸಾಗುತ್ತವೆ, ಮಾಲು ನೀರಿನಂತೆ ಹೇಳಿದ ಹಾಗೆ ಕೇಳುತ್ತದೆ. ತಳ್ಳುವುದನ್ನು ನಿಲ್ಲಿಸಿದರೆ ಮೆಲ್ಲಗೆ ಹೊರಳುತ್ತವೆ, ಒಂದನ್ನೊಂದು ಮುಟ್ಟುತ್ತವೆ, ಬಲೆ ಹೆಣೆದುಕೊಳ್ಳುತ್ತವೆ. ಆಮೇಲೆ ಅದು ದ್ರವವೂ ಅಲ್ಲ, ಘನವೂ ಅಲ್ಲ. ಮೊದಲ ನೂಕಿಗೆ ಕದಲುವುದಿಲ್ಲ.

ಇದು ಗೊತ್ತಿರುವುದರಿಂದಲೇ ಪ್ರಯೋಗಾಲಯದಲ್ಲಿ ಒಂದು ಕ್ರಮವಿದೆ. ತಟ್ಟೆಗಳನ್ನು ಮುಚ್ಚಿದ ಮೇಲೆ ಮಾದರಿಯನ್ನು ಬಿಸಿಯಲ್ಲೇ ಸುಮ್ಮನೆ ಬಿಡಬೇಕು. ಮಾದರಿಯನ್ನು ಮಲಗಿಸುವುದು ಎಂದು ಅವರು ಅದಕ್ಕೆ ಹೇಳುತ್ತಾರೆ. ಮಲಗಿಸಿದ ಮೇಲೆಯೇ ಅಳೆಯಬೇಕು. ಬಿಲ್ಲೆಯನ್ನು ಒತ್ತುವಾಗಲೇ ಬಲೆ ಹರಿದಿರುತ್ತದೆ, ಅದು ಮತ್ತೆ ಕಟ್ಟಿಕೊಳ್ಳಲು ಸಮಯ ಕೊಡದಿದ್ದರೆ ತಟ್ಟೆಗೆ ಸಿಗುವುದು ಮಾಲಿನ ಒಳ್ಳೆಯ ಮುಖ ಮಾತ್ರ.

ಹೊಸ ಮಾಲು ಕಾರ್ಖಾನೆಗೆ ಹೋಗುವ ಹಿಂದಿನ ಮಧ್ಯಾಹ್ನ ಅವನು ಮೊದಲನೆಯ ಬಿಲ್ಲೆಯನ್ನು ಮಲಗಿಸಿಯೇ ಅಳೆದಿದ್ದ. ಗೆರೆ ಕೆಳಗೆ ಮಟ್ಟಸವಾಗಿ ಮಲಗುವ ಬದಲು ಗೋಡೆಯಂತೆ ಎದ್ದು ನಿಂತಿತು; ನಿಂತ ಮಾಲು ಹರಿಯಲೊಲ್ಲದು ಎಂದು ಅದರ ಅರ್ಥ. ಅವನು ನೋಡುತ್ತಲೇ ಇದ್ದ. ಅಷ್ಟರಲ್ಲಿ ಭಾವನ ಫೋನು ಬಂತು. ನಿನ್ನ ಕೂಸು ಹರಿಯುತ್ತದೋ ಇಲ್ಲವೋ, ಮ್ಯಾನೇಜರು ತಲೆ ತಿನ್ನುತ್ತಿದ್ದಾರೆ, ನನ್ನ ಭಾವಮೈದುನ ಮಾಡಿದ ಮಾಲು ಹರಿಯದೆ ಎಲ್ಲಿಗೆ ಹೋಗುತ್ತದೆ ಅಂತ ಎದೆ ತಟ್ಟಿ ಹೇಳಿದ್ದೇನೆ ಎಂದರು. ಹಿಂದೆ ಯಂತ್ರಗಳ ಸದ್ದು, ಯಾರೋ ನಗುತ್ತಿದ್ದದ್ದು ಕೇಳಿಸಿತು. ಇನ್ನು ಸ್ವಲ್ಪ ಹೊತ್ತು ಎಂದು ಫೋನಿಟ್ಟ ಅವನು ಹೊಸ ಬಿಲ್ಲೆ ಹಾಕಿದ, ಅದನ್ನು ಜೋರಾಗಿ ತಿರುಗಿಸಿ, ಮಲಗಿಸದೆ ಅಳೆದ. ಗೆರೆ ಪಾಠದ ಪುಸ್ತಕದಲ್ಲಿರುವಂತೆ ನಯವಾಗಿ ಇಳಿದು ಬಂತು. ಮೊದಲನೆಯದು ಕೈತಪ್ಪಿನಿಂದ ಕೆಟ್ಟಿರಬೇಕು ಎಂದುಕೊಂಡ. ಹಾಗೆ ನಂಬಿಯೇ ಮೊದಲ ಗೆರೆಯನ್ನು ಅಳಿಸಿದನೋ, ಅಳಿಸುವುದಕ್ಕಾಗಿ ನಂಬಿದನೋ, ಅದನ್ನು ಮಾತ್ರ ಎಷ್ಟು ಕೆದಕಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಮಾಲು ಚೆನ್ನಾಗಿ ಹರಿಯುತ್ತದೆ ಎಂದು ರಸ್ತೆಯಾಚೆಗೆ ಹೇಳಿ ಕಳಿಸಿದ.

ಮಾಲು ಹರಿಯಿತು ಕೂಡ. ಮರುದಿನ ಬೆಳಗ್ಗೆಯಿಂದ ಕೊಳವೆ ಸರಾಗವಾಗಿ ಬಂತು. ಊಟದ ಹೊತ್ತಿಗೆ ಭಾವ ಎಂದಿನಂತೆ ತಿರುಪನ್ನು ನಿಲ್ಲಿಸಿದರು. ನಿಂತ ಮಾಲು ಸೀದುಹೋಗದಿರಲಿ ಎಂದು ಅಚ್ಚಿನ ಬಾಯಿಯ ಶಾಖವನ್ನು ಎಂದಿನಂತೆ ತಗ್ಗಿಸಿದರು. ವಾಪಸು ಬಂದು ಶಾಖ ಏರಿಸಿ, ಕಾದು, ತಿರುಪನ್ನು ಚಾಲೂ ಮಾಡಿದರು. ಮಾಲು ಕದಲಲಿಲ್ಲ. ಹಿಂದಿನಿಂದ ಒತ್ತಡ ಏರುತ್ತಲೇ ಹೋಯಿತು. ಏನಾಯಿತೆಂದು ಬಗ್ಗಿ ನೋಡುವಷ್ಟರಲ್ಲಿ ಅಚ್ಚಿನ ಬೋಲ್ಟುಗಳು ಕಿತ್ತುಬಂದು, ಸಂದಿನಿಂದ ಚಿಮ್ಮಿದ ಮಾಲು ಅವರ ತೋಳಿಗೆ ಅಂಟಿಕೊಂಡಿತು. ಕರಗಿದ ಪಾಲಿಮರ್ ನೀರಿನಂತೆ ಜಾರಿ ಹೋಗುವುದಿಲ್ಲ. ಅಂಟಿದ ಮೇಲೆ ಬಿಡುವುದಿಲ್ಲ.

ಈ ಕಥೆಯನ್ನೇ ಭಾವ ಈಗ ನಗುನಗುತ್ತ ಹೇಳಿ ಮುಗಿಸಿದರು. ಬಂದಿದ್ದವರಲ್ಲಿ ವಯಸ್ಸಾದವನು, ಎಲೆಕ್ಟ್ರಿಷಿಯನ್ನು, ಎದ್ದು ಹೊರಡುವಾಗ ಚಪ್ಪಲಿ ಹುಡುಕುತ್ತ, ಸೋಮವಾರದ ವಿಚಾರಣೆಯಲ್ಲಿ ಶಾಖದ ಗುಂಡಿ ಮತ್ತೆ ಏರಿತ್ತೋ ಇಲ್ಲವೋ ಎಂಬ ವಿಷಯವೇ ಬರುತ್ತದೆ ಎಂದ. ಹಳೆಯ ಯಂತ್ರ, ಕೈಯಲ್ಲಿ ತಿರುಗಿಸುವ ಗುಂಡಿ. ಆ ಗಲಾಟೆಯಲ್ಲಿ ಯಾರೋ ಎಲ್ಲವನ್ನೂ ಸೊನ್ನೆಗೆ ತಿರುಗಿಸಿಬಿಟ್ಟಿದ್ದರು. ಗುಂಡಿ ಮೊದಲು ಎಲ್ಲಿತ್ತು ಎನ್ನುವುದಕ್ಕೆ ಭಾವನ ಮಾತೊಂದೇ ಆಧಾರ.

ಅವರು ಹೋದ ಮೇಲೆ ಮನೆಯೊಳಗೆ ಸದ್ದಡಗಿತು. ಭಾವನ ಮುಖದ ನಗು ಬಂದವರ ಹಿಂದೆಯೇ ಬಾಗಿಲು ದಾಟಿ ಹೋದಂತಿತ್ತು. ಅಕ್ಕ ತಟ್ಟೆ ತಂದು, ಪಕ್ಕದಲ್ಲಿ ಕುಳಿತು ಗಂಡನಿಗೆ ಊಟ ಮಾಡಿಸತೊಡಗಿದಳು. ದೊಡ್ಡ ಮನುಷ್ಯನೊಬ್ಬ ಬಾಯಿ ತೆರೆದು ತುತ್ತಿಗೆ ಕಾಯುವುದನ್ನು ಅವನು ನೋಡಲಾಗದೆ ಕಿಟಕಿಯ ಕಡೆ ತಿರುಗಿದ. ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಒದ್ದೆ ಬಟ್ಟೆ ಕೊಡವುತ್ತಿದ್ದರು.

"ನೋಡು," ಎಂದರು ಭಾವ, ನಡುವೆ ತುತ್ತನ್ನು ತಡೆದು. "ಗುಂಡಿ ನಾನು ಏರಿಸಿದ್ದೆ. ಕಾದಿದ್ದೆ ಕೂಡ. ಇಷ್ಟು ವರ್ಷ ಮಾಡಿದ ಕೆಲಸ, ಕೈಗೇ ಗೊತ್ತಿರುತ್ತೆ. ಆದ್ರೂ ಯಾಕೆ ಹಾಗಾಯ್ತು? ನಿಂತಾಗ ನಿನ್ನ ಮಾಲೇನಾದ್ರೂ ಮೊಂಡು ಹಿಡಿಯುತ್ತಾ?"

ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಹಾಗೆಯೇ ಕೇಳಿದ್ದರು. ಅನುಮಾನದಿಂದಲ್ಲ, ಗೊತ್ತಿರುವವನನ್ನು ಕೇಳುವ ವಿಶ್ವಾಸದಿಂದ. ಅಕ್ಕ ಕೂಡ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಮ್ಮನ ಮುಖ ನೋಡಿದಳು. ಅವನ ಗಂಟಲಲ್ಲಿ ಉತ್ತರವಿತ್ತು. ಹೌದು ಎಂಬ ಒಂದೇ ಮಾತು. ಅದರ ಹಿಂದೆಯೇ ಬರಲಿದ್ದ ಮುಂದಿನ ಪ್ರಶ್ನೆಯೂ ಅವನಿಗೆ ಕೇಳಿಸಿತು: ಹಾಗಾದರೆ ನೀನು ನೋಡಿರಲಿಲ್ಲವೇ?

"ಅಳೆದಾಗ ಚೆನ್ನಾಗೇ ಹರೀತಿತ್ತು ಭಾವ," ಎಂದ.

ಭಾವ ತುತ್ತು ತೆಗೆದುಕೊಂಡು ನಿಧಾನವಾಗಿ ಅಗಿದರು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, "ಹಾಗಾದ್ರೆ ನಾನೇ ಮರೆತಿರಬೇಕು," ಎಂದರು. "ಏರಿಸಿದೆ ಅಂತ ಅಂದ್ಕೊಂಡಿರಬೇಕು. ದಿನಾ ಮಾಡೋದಲ್ವಾ, ನಿನ್ನೆ ಮಾಡಿದ್ದು ಇವತ್ತು ಮಾಡಿದ ಹಾಗೇ ಅನ್ಸುತ್ತೆ. ಆಗಿರಬಹುದು ಅಲ್ವಾ?"

"ಆಗಿರಬಹುದು."

ಅದು ಸುಳ್ಳಲ್ಲ. ಆಗಿರಬಹುದಾಗಿತ್ತು. ಮೆಟ್ಟಿಲಿಳಿಯುವಾಗ ಅವನು ಆ ಮಾತನ್ನು ಎಲ್ಲ ಮಗ್ಗುಲಿಂದಲೂ ತಿರುಗಿಸಿ ನೋಡಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು.

ವಿಚಾರಣೆ ಹೆಚ್ಚು ಹೊತ್ತು ನಡೆಯಲಿಲ್ಲ. ಮ್ಯಾನೇಜರು, ಸುರಕ್ಷತೆಯ ಅಧಿಕಾರಿ, ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ, ಅವನು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪಟ್ಟಿ ಸುತ್ತಿದ ಕೈ ತೂರದೆ ಅಂಗಿಯ ಬಲತೋಳು ಖಾಲಿಯಾಗಿ ಜೋತುಬಿದ್ದಿತ್ತು. ಮ್ಯಾನೇಜರು ಒಳ್ಳೆಯವರೇ. ಗುಂಡಿ ಏರಿಸಿದ್ದು ಖಚಿತವಾ ಎಂದು ಎರಡು ಸಲ ಕೇಳಿದರು, ಹೌದೆನ್ನಲಿ ಎಂಬ ಆಸೆಯಿಂದಲೇ ಕೇಳಿದಂತಿತ್ತು. ಖಚಿತವಿಲ್ಲ ಸಾರ್, ಮರೆತಿದ್ದರೂ ಮರೆತಿರಬಹುದು ಎಂದರು ಭಾವ. ಮಾಲಿನ ಕಡೆಯಿಂದ ಏನಾದರೂ ತೊಂದರೆ ಇತ್ತೇ ಎಂದು ಮ್ಯಾನೇಜರು ಈ ಕಡೆ ತಿರುಗಿದಾಗ, ಅವನು ಬಾಯಿ ತೆರೆಯುವ ಮೊದಲೇ ಮೇಡಂ ಉತ್ತರ ಕೊಟ್ಟರು. ಇವರು ಕ್ರಮ ತಪ್ಪುವವರಲ್ಲ, ಮಲಗಿಸಿಯೇ ಅಳೆಯುತ್ತಾರೆ, ತೊಂದರೆಯಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು ಎಂದರು. ಎಲ್ಲರೂ ಅವನನ್ನು ನೋಡಿದರು. ಅವನು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡಿದ. ಅವನು ಮಾತಾಡುವವನಲ್ಲ ಎಂದು ಎಲ್ಲರಿಗೂ ಗೊತ್ತಿದ್ದದ್ದರಿಂದ ಅವನ ಸುಮ್ಮನಿರುವಿಕೆಗೆ ಯಾರೂ ಬೇರೆ ಅರ್ಥ ಹಚ್ಚಲಿಲ್ಲ. ಹುಟ್ಟಿನಿಂದ ಬಂದ ಸ್ವಭಾವವೊಂದು ಇಷ್ಟು ಅನುಕೂಲಕ್ಕೆ ಬರುತ್ತದೆಂದು ಅವನು ತಿಳಿದಿರಲಿಲ್ಲ.

ಭಾವನನ್ನು ಕೆಲಸದಿಂದ ತೆಗೆಯಲಿಲ್ಲ. ಕೈ ವಾಸಿಯಾದ ಮೇಲೆ ಯಂತ್ರದ ಬದಲು ಉಗ್ರಾಣಕ್ಕೆ ಹಾಕಿದರು. ಸುತ್ತಿದ ಕೊಳವೆಗಳ ಸುರುಳಿಗಳನ್ನು ಒಳಗಿಡುವುದು, ಹೊರಗೆ ಕಳಿಸುವುದು. ಬಿಸಿಯಿಲ್ಲದ ಕೆಲಸ ಎಂದು ಎಲ್ಲರೂ ಸಮಾಧಾನ ಹೇಳಿದರು. ಭಾವ ಅದಕ್ಕೂ ಒಂದು ನಗೆಮಾತು ಸೇರಿಸಿದರು: ಇಷ್ಟು ದಿನ ಹೆರಿಗೆ ಮಾಡಿಸುತ್ತಿದ್ದೆ, ಇನ್ನು ತೊಟ್ಟಿಲು ತೂಗುತ್ತೇನೆ.

ವಿಚಾರಣೆಯ ಮರುದಿನವೇ ಅವನು ಮಾದರಿಗಳನ್ನು ಮತ್ತೆ ಅಳೆಯಲು ಕುಳಿತಿದ್ದ. ಇನ್ನೊಬ್ಬರ ಕೈ ಸುಡಬಾರದು, ಅಷ್ಟಾದರೂ ಆಗಬೇಕು ಎಂಬ ಹಟ ಅವನನ್ನು ಹಿಡಿದಿತ್ತು. ಬಿಲ್ಲೆಗಳನ್ನು ಮಲಗಿಸಿದ, ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು, ಒಂದು ಊಟದ ಬಿಡುವಿನಷ್ಟು ಹೊತ್ತು. ಶಾಖ ತಗ್ಗಿಸಿ ಮಲಗಿಸಿದ. ಶಾಖ ತಗ್ಗಿಸದೆಯೂ ಮಲಗಿಸಿದ. ಪ್ರತಿ ಸಲವೂ ಗೆರೆ ಅದೇ ಗೋಡೆಯಂತೆ ಎದ್ದು ನಿಂತಿತು. ಶಾಖ ಪೂರ್ತಿ ಇದ್ದಾಗಲೂ ನಿಂತಿತು, ತಗ್ಗಿದಾಗ ಒಂದಿಷ್ಟು ಹೆಚ್ಚು, ಅಷ್ಟೇ. ಕೈತಪ್ಪಿನ ಆಸೆ ಅಂದಿಗೆ ಮುಗಿಯಿತು. ಗುಂಡಿ ಏರಿತ್ತೋ ಇಲ್ಲವೋ, ಆ ಮಾಲು ಕದಲುತ್ತಿರಲಿಲ್ಲ.

ಮೇಡಂ ಹತ್ತಿರ ಹೋದಾಗ ಅವನ ಕೈಯಲ್ಲಿ ಶಾಖ ಪೂರ್ತಿ ಇದ್ದಾಗಿನದು, ತಗ್ಗಿದಾಗಿನದು, ಎರಡೂ ಗೆರೆಗಳಿದ್ದವು. ಬಾಗಿಲು ತಟ್ಟುವವರೆಗೂ ಎರಡನ್ನೂ ತೋರಿಸುವವನಿದ್ದ. ಅವರು ತಲೆಯೆತ್ತಿ, ಏನಾದರೂ ಹೊಸದೇ ಎಂದು ಪ್ರೀತಿಯಿಂದ ಕೇಳಿದರು. ಅವನು ಒಂದನ್ನಷ್ಟೇ ಮುಂದಿಟ್ಟ. ಶಾಖ ತಗ್ಗಿ ನಿಂತಾಗ ನ್ಯಾನೊ ಪದರಗಳು ಬಲೆ ಕಟ್ಟುತ್ತವೆ ಎಂದ. ಅದಕ್ಕೇ ಈ ಮಾಲನ್ನು ಯಂತ್ರದೊಳಗೆ ನಿಲ್ಲಿಸಲೇಬಾರದು, ಬಿಡುವಿಗೆ ಮೊದಲು ಬೆರಕೆಯಿಲ್ಲದ ಪಾಲಿಮರ್ ಹಾಕಿ ಒಳಗಿರುವುದನ್ನೆಲ್ಲ ಹೊರಗೆ ತಳ್ಳಿಬಿಡಬೇಕು ಎಂದ. ಹೇಳಿದ ಪರಿಹಾರ ಎರಡಕ್ಕೂ ಸಾಕಾಗುತ್ತಿತ್ತು, ಯಾರಿಗೂ ಅಪಾಯವಿರಲಿಲ್ಲ. ಶಾಖ ತಗ್ಗಿ ಎಂಬ ಎರಡೇ ಪದಗಳು ಹೆಚ್ಚಿಗೆ ಇದ್ದವು. ಅವು ಅಲ್ಲಿ ಇರುವವರೆಗೆ ತಪ್ಪು ಭಾವನ ಕೈಯಲ್ಲೇ ಉಳಿಯುತ್ತಿತ್ತು.

ಮೇಡಂಗೆ ಬಹಳ ಸಂತೋಷವಾಯಿತು. ಒಂದು ಅಪಘಾತದಿಂದ ಇಷ್ಟು ಕಲಿಯುವವರು ಎಷ್ಟು ಜನ ಸಿಗುತ್ತಾರೆ ಎಂದರು. ಒಂದೆರಡು ತಿಂಗಳ ಮೇಲೆ ನಡೆದ ಸಭೆಯಲ್ಲಿ ಅವನಿಂದಲೇ ಹೇಳಿಸಿದರು. ಚಪ್ಪಾಳೆ ಬಿತ್ತು. ಅಂದು ಸಂಜೆ ಕಾರ್ಖಾನೆಯ ಗೇಟಿನ ಬಳಿ ಭಾವ ಅವನಿಗಾಗಿ ಕಾಯುತ್ತಿದ್ದರು. ಗುಣವಾದ ತೋಳಿನ ಚರ್ಮ ಗುಲಾಬಿಯಾಗಿ, ಬಿಗಿದು ಹೊಳೆಯುತ್ತಿತ್ತು. ಅದೇ ಕೈಯಿಂದ ಅವನ ಬೆನ್ನು ತಟ್ಟಿ, ಜೊತೆಗಿದ್ದ ಉಗ್ರಾಣದವನಿಗೆ ಹೇಳಿದರು: "ನಾನು ಕೈ ಸುಟ್ಕೊಂಡೆ, ಇವನು ಅದರಲ್ಲೂ ವಿಜ್ಞಾನ ಕಂಡುಹಿಡಿದ. ನೋಡು, ನಮ್ಮ ಮನೇಲಿ ಏನೂ ದಂಡ ಆಗಲ್ಲ."

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವನಿಗೆ ಆ ಗೇಟಿನ ಪಕ್ಕದ ಚರಂಡಿಯೊಳಗೆ ಇಳಿದುಹೋಗಬೇಕೆನಿಸಿತು. ನಕ್ಕ. ಭಾವಮೈದುನರು ನಗುವಂತೆ ನಕ್ಕ.

ಆಮೇಲೆ ಅವನು ಅಕ್ಕನ ಮನೆಗೆ ಹೋಗುವುದು ಕಡಿಮೆಯಾಯಿತು. ಕೆಲಸ ಜಾಸ್ತಿ ಎನ್ನುತ್ತಿದ್ದ, ನಂಬುತ್ತಿದ್ದರು. ಬಹಳ ದಿನಗಳ ಮೇಲೆ ಅಕ್ಕನೇ ಫೋನು ಮಾಡಿ, ಎಲ್ಲರೂ ಸೇರಿ ಒಂದು ನಾಟಕಕ್ಕೆ ಹೋಗೋಣ, ನಿನ್ನ ಭಾವನಿಗೂ ಸ್ವಲ್ಪ ಬದಲಾವಣೆಯಾಗಲಿ ಎಂದು ಕರೆದಳು. ಹೋದ. ಬಾಗಿಲಿಗೆ ಬೀಗ ಹಾಕಿ, ಅಕ್ಕನ ಮಗಳೂ ಸೇರಿ ನಾಲ್ವರೂ ಕೆಳಗಿಳಿದು ಬೀದಿಗೆ ಬಂದಿದ್ದರು. ಭಾವ ನಿಂತರು. ಒಲೆ ಆರಿಸಿದೆನಾ ಎಂದು ಅಕ್ಕನನ್ನು ಕೇಳಿದರು. ಆರಿಸಿದ್ದೀರಿ, ನಾನೇ ನೋಡಿದೆ ಎಂದಳು ಅಕ್ಕ. ಹತ್ತು ಹೆಜ್ಜೆ ನಡೆದು ಮತ್ತೆ ನಿಂತರು. ಒಂದು ನಿಮಿಷ ಎಂದು ಹೇಳಿ, ಉತ್ತರಕ್ಕೆ ಕಾಯದೆ ವಾಪಸು ಮೆಟ್ಟಿಲ ಕಡೆ ಹೋದರು.

"ಅಪ್ಪ ತಿರುಗಿಸಿ ತಿರುಗಿಸಿ ಆ ಒಲೆಗೇ ತಲೆ ಸುತ್ತು ಬಂದಿರುತ್ತೆ," ಎಂದಳು ಅಕ್ಕನ ಮಗಳು. ಅದು ಮನೆಯೊಳಗೆ ಹಳಸಿದ ತಮಾಷೆ ಇರಬೇಕು, ಯಾರೂ ನಗಲಿಲ್ಲ.

ಅಕ್ಕ ದನಿ ತಗ್ಗಿಸಿ ಅವನಿಗೆ ಹೇಳಿದಳು. ಒಲೆ ಒಂದೇ ಅಲ್ಲ. ನಲ್ಲಿ, ಬೀಗ, ದೀಪ. ರಸ್ತೆ ದಾಟಿ ಬಂದ ಮೇಲೂ ವಾಪಸು ಹೋಗುತ್ತಾರೆ. ಮುಟ್ಟಿ ನೋಡುತ್ತಾರೆ, ಕೆಳಗೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ಕೇಳಿದರೆ, ಈ ಕೈಯನ್ನು ನಂಬಕ್ಕಾಗಲ್ಲ ಕಣೇ ಅನ್ನುತ್ತಾರೆ. "ಸುಟ್ಟಿದ್ದು ವಾಸಿಯಾಯ್ತು. ಇದು ಆಗ್ತಿಲ್ಲ," ಎಂದಳು. "ನೀನು ಓದಿದೋನು, ನಿನ್ನ ಮಾತಂದ್ರೆ ಅವರಿಗೆ ವೇದವಾಕ್ಯ. ಒಂದ್ಸಲ ಕೂರಿಸ್ಕೊಂಡು ಹೇಳೋ."

ಅವನು ಮೇಲೆ ಹೋದ. ಬಾಗಿಲು ತೆರೆದೇ ಇತ್ತು. ಭಾವ ಅಡುಗೆಮನೆಯಲ್ಲಿ ದೀಪ ಹಾಕದೆ, ಒಲೆಯ ಮುಂದೆ ನಿಂತು, ಗುಂಡಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಸಿಕ್ಕಿಬಿದ್ದವರಂತೆ ತಿರುಗಿ ನೋಡಿದರು. ಕಳ್ಳನನ್ನು ಹಿಡಿಯಲು ಬಂದವನೇ ಕಳ್ಳನಾಗಿದ್ದ. ಆದರೂ ನಾಚಿಕೊಂಡವರು ಅವರು.

"ಆರಿದೆ," ಎಂದರು. "ಗೊತ್ತು ನಂಗೆ ಆರಿದೆ ಅಂತ. ಆದ್ರೆ ಅವತ್ತೂ ಗೊತ್ತಿತ್ತಲ್ಲ, ಏರಿಸಿದೀನಿ ಅಂತ."

ಅಡುಗೆಮನೆಯಲ್ಲಿ ಸೋಪಿನ ವಾಸನೆ ಇತ್ತು. ಕೆಳಗಿನಿಂದ ಅಕ್ಕನ ಮಗಳು ಅಪ್ಪಾ ಎಂದು ಕೂಗುತ್ತಿದ್ದಳು. ಅವನು ಭಾವನ ಹತ್ತಿರ ಹೋಗಿ ನಿಂತ. ಹೇಳಬೇಕಾದ ಮಾತು ಉದ್ದದ್ದಲ್ಲ. ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು. ಮೊದಲ ದಿನವಾಗಿದ್ದರೆ ಅದು ಒಂದು ತಪ್ಪನ್ನು ಮಾತ್ರ ಒಪ್ಪಿಕೊಳ್ಳುವ ಮಾತಾಗುತ್ತಿತ್ತು. ಈಗ ಅದರ ಜೊತೆ ಆಗಿರಬಹುದು ಎಂದದ್ದು, ನೀರಿನ ಲೋಟ ನೋಡಿದ್ದು, ಮೇಡಂ ಮುಂದೆ ಒಂದೇ ಗೆರೆ ಇಟ್ಟದ್ದು, ಗೇಟಿನ ಬಳಿ ನಕ್ಕದ್ದು ಎಲ್ಲವೂ ಬರಬೇಕಾಗಿತ್ತು. ತುಟಿ ತೆರೆದ. ಭಾವ ಕಾಯುತ್ತ ಅವನ ಮುಖವನ್ನೇ ನೋಡುತ್ತಿದ್ದರು.

"ಬನ್ನಿ ಭಾವ, ನಾಟಕಕ್ಕೆ ತಡವಾಗುತ್ತೆ. ನಾನು ನೋಡಿದೀನಿ, ಆರಿದೆ."

ನೀನು ನೋಡಿದೆ ಅಂದ ಮೇಲೆ ಮುಗೀತು ಬಿಡು ಎಂದು ಭಾವ ಕೈ ತೆಗೆದರು. ಬೀಗವನ್ನು ಅವನ ಕೈಗೇ ಕೊಟ್ಟು ಹಾಕಿಸಿದರು. ಕೆಳಗಿಳಿದು, ಬೀದಿ ದಾಟಿ, ಒಮ್ಮೆಯೂ ಹಿಂದಿರುಗಿ ನೋಡದೆ ನಡೆದರು. ಅಕ್ಕ ತಮ್ಮನ ಕಡೆ ಕೃತಜ್ಞತೆಯಿಂದ ನೋಡಿದಳು.

ಆಮೇಲೂ ಅವರು ಎಷ್ಟೋ ಸಲ ಜೊತೆಗೆ ಕುಳಿತು ಉಂಡರು, ನಡೆದರು, ನಕ್ಕರು. ಶಾಖ ಪೂರ್ತಿ ಇದ್ದಿದ್ದರೂ ಆ ಮಾಲು ಕದಲುತ್ತಿರಲಿಲ್ಲ, ಅದು ತನಗೆ ಗೊತ್ತಿತ್ತು ಎಂದು ಅವನು ಭಾವನಿಗೆ ಎಂದೂ ಹೇಳಲಿಲ್ಲ.